ಅಳತೆ ದಾರ

ಕೌದಿ ಪ್ರದರ್ಶನಕ್ಕೆ ಹೊಂಟೀಯಂತೆ, ಚಂಪಾ,
ಮೋತಿ ಸರ್ಕಲ್ ಆಚೆಯ ಹಳೇ ಕಲ್ಯಾಣಮಂಟಪಕ್ಕೆ.
ಮೊದಲು ಮಂಚ ಅಳೆ.
ಟೇಪು ಹುಡುಕಬೇಡ, ಬೇಕಾದಾಗ ಅದು ಯಾವತ್ತು ಸಿಕ್ಕೈತೆ?
ಒಂದು ದಾರ ಸಾಕು. ಉದ್ದಕ್ಕೆ ಒಂದು ಗಂಟು,
ಅಗಲಕ್ಕೆ ಎರಡು,
ಸುತ್ತಿ ಎಲೆಅಡಿಕೆ ಚೀಲದಾಗ ಇಟ್ಟುಕೋ.
ಯಾಕಂತ ಆಮೇಲೆ ಹೇಳ್ತೀನಿ.

ಬಳ್ಳಾರಿ ಬಿಸಿಲಿಗೆ ಕೌದಿ ಯಾಕಂತ
ನಿನ್ನ ಗಂಡ ನಗಲಿ ಬಿಡು.
ಮೇ ತಿಂಗಳು ಕರೆಂಟು ಹೋದ ರಾತ್ರಿ
ಮಾಳಿಗೆಯ ಕಾದ ಗಚ್ಚಿನ ಮೇಲೆ
ಬೆನ್ನ ಕೆಳಗೆ ಏನು ಹಾಸ್ತಾನೆ,
ಆ ನಗೂನಾ?

ಮೊದಲ ದಿನವೇ ಹೋಗು, ಹತ್ತಕ್ಕೆ.
ಹನ್ನೆರಡಾದರೆ ತಗಡಿನ ಚಪ್ಪರದಾಗ
ಮಾರೋರ ತಲೆನೂ ಕೊಳ್ಳೋರ ತಲೆನೂ ಕಾದಿರ್ತಾವೆ.
ಉಂಡು ಹೋಗು. ಹಸಿದ ಕಣ್ಣಿಗೆ
ಎಲ್ಲಾ ಕೆಂಪೂ ಚಂದ.
ಒಂದು ಸುತ್ತು ಬರಿಗೈಲಿ ಬಾ,
ಬಾಗಿಲ ಬಳಿಯ ಅಂಗಡಿ ಎಲ್ಲೂ ಓಡಿ ಹೋಗಲ್ಲ.
ನೋಟು ಒಯ್ಯಿ. ಫೋನಿನಾಗ ಹಾಕಿದ ದುಡ್ಡು
ಗಾಳೆಮ್ಮನ ಮಗನ ಖಾತೆಗೆ ಹೋಗ್ತೈತೆ,
ಗಾಳೆಮ್ಮನ ಸೊಂಟದ ಸಂಚಿಗಲ್ಲ.

ಕೌದಿಯ ಮುಖ ನೋಡಬೇಡ, ಬೆನ್ನು ನೋಡು.
ಮುಖ ಯಾರಾದರೂ ತೊಳಕೊಂಡೇ ಬಂದಿರ್ತಾರೆ.
ಹೊಲಿಗೆ ಅಕ್ಕಿಕಾಳಿನಷ್ಟಿದ್ದರೆ ಹತ್ತು ವರ್ಷ,
ಹುಣಸೆಬೀಜದಷ್ಟಿದ್ದರೆ ಮೊದಲ ತಿಂಗಳೇ
ಮಗುವಿನ ಕಾಲ್ಬೆರಳು ಸಿಕ್ಕೊಳ್ತೈತೆ.
ಸಾಲು ಸೊಟ್ಟ ಇದ್ದರೆ ಹೆದರಬೇಡ.
ತೀರಾ ನೆಟ್ಟಗಿದ್ದರೆ ಹೆದರು.
ಮಷೀನು ಎಲ್ಲೂ ನಿಂತು ಉಸಿರು ಬಿಟ್ಟಿರಲ್ಲ.

ಒದ್ದೆ ಕರ್ಚೀಪಿಂದ ಕೆಂಪು ತುಂಡು ಉಜ್ಜು.
ಆಕಿ ಮುಖ ಗಂಟು ಹಾಕಿದರೆ ಬಣ್ಣ ಬಿಡ್ತೈತೆ.
"ಉಜ್ಜವ್ವ, ಇನ್ನೂ ಉಜ್ಜು" ಅಂದರೆ
ಅರ್ಧ ಚೌಕಾಸಿ ಅಲ್ಲೇ ಬಿಟ್ಟುಬಿಡು.
ಮೂಸಿ ನೋಡು: ನುಸಿಗುಳಿಗೆ ಅಂದರೆ ಹೋದ ವರ್ಷದ್ದು.
ಹೊಗೆ ಅಂದರೆ ಪರವಾಗಿಲ್ಲ,
ಒಲೆ ಮುಂದೆ ಕೂತು ಹೊಲಿದದ್ದು.

ಒಳಗೇನು ತುಂಬೈತೆ, ಕೇಳು.
ನಮ್ಮೂರಾಗ ಬಹಳ ಮಾಡಿ ಜೀನ್ಸ್ ಚೂರು,
ಕಾರ್ಖಾನೆ ಹಿತ್ತಲಿಂದ ಕಿಲೋ ಲೆಕ್ಕದಾಗ ತಂದದ್ದು.
ಭಾರ ಅಂದರೆ ಭಾರ.
ಒಗೆದರೆ ಹಿಂಡಾಕ ಇಬ್ಬರು ಬೇಕು,
ಜಗಳ ಆಡಿದ ದಿನ ಎರಡನೇದು ಯಾರು?
ಆದರೂ ರೇಟು ಇಳಿಸು ಅನ್ನೋ ಮೊದಲು
ಮಾಬುನ್ನಿಯ ಬಲಗೈ ಹೆಬ್ಬೆರಳು ನೋಡು.
ಅಲ್ಲಿ ಉಗುರಿನ ಪಕ್ಕ ಇನ್ನೊಂದು ಉಗುರು ಬೆಳೆದೈತೆ,
ಸೂಜಿ ತಳ್ಳಿ ತಳ್ಳಿ.

ಇಷ್ಟೆಲ್ಲಾ ಗೊತ್ತಿತ್ತು ನನಗೆ, ಹೋದ ವರ್ಷವೂ.
ಮೂರನೇ ಸಾಲು, ಮಾಬುನ್ನಿಯ ಹಗ್ಗದ ಮೇಲೆ
ಒಂದು ಕೌದಿ. ಅದರ ಎಡಮೂಲೆಯಾಗ
ಬದನೆಕಾಯಿ ಬಣ್ಣದ ತುಂಡು,
ತುಂಡಿನ ನಡುವೆ ಹಳದಿ ತೇಪೆ,
ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರ.

ನಾನೇ ಸುಟ್ಟದ್ದು.
ಅಂಗನವಾಡಿ ಕೆಲಸದ ಮೊದಲ ಬೆಳಿಗ್ಗೆ,
ಅವಸರಕ್ಕೆ, ಅಳು ಬರೋಷ್ಟು ಅವಸರಕ್ಕೆ.
ಸೆರಗು ಒಳಗೆ ಮಡಚಿ ಉಟ್ಟುಕೊಂಡೇ ಹೋಗಿದ್ದೆ.
ಆಮೇಲೆ ಎಷ್ಟೋ ವರ್ಷಕ್ಕೆ ಓಣಿಯಾಗ ಕೂಗಿಕೊಂಡು ಬಂದವಳಿಗೆ
ಕೊಟ್ಟೆ, ಒಂದು ಸ್ಟೀಲ್ ಡಬರಿಗೆ.
ಡಬರಿ ಈಗಲೂ ಐತೆ. ತಳ ಕುಣೀತೈತೆ.

ಬೆನ್ನು ನೋಡಲಿಲ್ಲ, ಚಂಪಾ.
ಉಜ್ಜಲಿಲ್ಲ, ಮೂಸಲಿಲ್ಲ.
ಹೇಳಿದಷ್ಟು ಕೊಟ್ಟೆ. ಮಾಬುನ್ನಿಗೇ ಅನುಮಾನ ಬಂದು
ನೋಟು ಬೆಳಕಿಗೆ ಹಿಡಿದು ನೋಡಿದಳು.

ಮನೆಗೆ ತಂದು ಹಾಸಿದರೆ ಒಂದು ಗೇಣು ಕಮ್ಮಿ.
ಹೊದ್ದರೆ ಪಾದ ಹೊರಗೆ.
ಪಾದ ಮುಚ್ಚಿದರೆ ತೇಪೆ ಕೈಗೆ ಸಿಗಲ್ಲ.
ಹಂಗಾಗಿ ಪಾದ ಹೊರಗೇ ಇರ್ತಾವೆ.

ದಾರ ಮರೀಬೇಡ ಅಂದದ್ದು ಅದಕ್ಕೇ.
ಆಟೋದವನು ಎಂಬತ್ತು ಅಂತಾನೆ,
ನಲವತ್ತರ ಮೇಲೆ ಒಂದು ಪೈಸೆ ಕೊಡಬೇಡ.